ಎರಡು ಗುಳಿಗೆಗಳ ನಡುವೆ

ಒಂದು ರೋಗಕ್ಕೆ ಒಂದು ಔಷಧಿ ಎಂಬ ಲೆಕ್ಕ ಸುಲಭವಾದುದು. ಆದರೆ ಒಬ್ಬರೇ ರೋಗಿಗೆ ಎರಡು ಬಾಧೆಗಳಿದ್ದು, ಎರಡಕ್ಕೂ ಬೇರೆ ಬೇರೆ ಔಷಧಿಗಳು ಬೇಕಾದಾಗ ಆ ಲೆಕ್ಕ ಜಟಿಲವಾಗುತ್ತದೆ. ಏಕೆಂದರೆ ಎರಡೂ ಸೇರುವುದು ಒಂದೇ ದೇಹವನ್ನು, ಹರಿಯುವುದು ಒಂದೇ ರಕ್ತದಲ್ಲಿ, ಮಾರ್ಪಾಡು ಹೊಂದುವುದು ಒಂದೇ ಯಕೃತ್ತಿನಲ್ಲಿ. ಅಲ್ಲಿ ಒಂದು ಔಷಧಿ ಇನ್ನೊಂದರ ಕೆಲಸಕ್ಕೆ ಅಡ್ಡಿಯಾಗುವುದುಂಟು.

ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ವಯಸ್ಸು ನಲವತ್ತೈದು. ಸ್ತನದಲ್ಲಿ ಕಾಣಿಸಿಕೊಂಡ ಕ್ಯಾನ್ಸರ್ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದಾರೆ. ರೋಗ ಮರುಕಳಿಸದಿರಲೆಂದು ದಿನಕ್ಕೊಂದು ಟ್ಯಾಮಾಕ್ಸಿಫೆನ್ ಗುಳಿಗೆಯನ್ನು ಐದು ವರ್ಷ ತಪ್ಪದೆ ಸೇವಿಸಬೇಕೆಂದು ವೈದ್ಯರು ವಿಧಿಸಿದ್ದಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆಕೆಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾವೇರಿ ಬೆವರು ಹರಿಯತೊಡಗುತ್ತದೆ. ರಾತ್ರಿ ನಿದ್ರೆ ಬಾರದು; ಊಟ ರುಚಿಸದು; ಮಕ್ಕಳ ಮಾತೂ ಬೇಡವೆನಿಸುತ್ತದೆ; ಬದುಕಿ ಏನು ಪ್ರಯೋಜನ ಎಂಬ ಯೋಚನೆ ಮನಸ್ಸನ್ನು ಮುತ್ತುತ್ತದೆ. ಮನೋವೈದ್ಯರು ಇದು ಖಿನ್ನತೆಯ ರೋಗವೆಂದು ಗುರುತಿಸಿ ಮತ್ತೊಂದು ಗುಳಿಗೆಯನ್ನು ಬರೆದುಕೊಡುತ್ತಾರೆ. ಅಷ್ಟರಲ್ಲಿ ಯಾರೋ, “ಈ ಎರಡು ಗುಳಿಗೆಗಳು ಒಂದಕ್ಕೊಂದು ಆಗಿಬರುವುದಿಲ್ಲವಂತೆ” ಎಂದು ಎಚ್ಚರಿಸುತ್ತಾರೆ. ಆಕೆ ಈಗ ಏನು ಮಾಡಬೇಕು? ಮನಸ್ಸಿನ ಔಷಧಿಯನ್ನು ಬಿಡಬೇಕೆ? ಕ್ಯಾನ್ಸರಿನ ಔಷಧಿಯನ್ನು ಬಿಡಬೇಕೆ? ಎರಡನ್ನೂ ಸೇವಿಸಿ ದೇವರ ಮೇಲೆ ಭಾರ ಹಾಕಬೇಕೆ?

ಇದು ವೈದ್ಯರ ವಿಚಾರ, ವಿದ್ಯಾರ್ಥಿಗಳಿಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂಥ ಪ್ರಶ್ನೆ ಯಾರ ಮನೆಯಲ್ಲಾದರೂ ಏಳಬಹುದು. ಅಲ್ಲದೆ, ಪೂರ್ಣ ಪ್ರಮಾಣ ದೊರೆಯದಿದ್ದಾಗ ವಿಜ್ಞಾನವು ಹೇಗೆ ವಿವೇಚಿಸಿ ಹೆಜ್ಜೆಯಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಅಪರೂಪ.

ಬೀಗಕ್ಕೆ ತುರುಕಿದ ಹುಸಿ ಕೀಲಿಕೈ

ಸ್ತನದ ಕ್ಯಾನ್ಸರಿಗೂ ಸ್ತ್ರೀಯರ ಹಾರ್ಮೋನುಗಳಿಗೂ ಸಂಬಂಧವಿದೆಯೆಂಬುದು ಹಳೆಯ ತಿಳಿವಳಿಕೆ. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ೧೮೯೬ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದನು. ರೋಗ ಬಲಿತಿದ್ದ ಸ್ತ್ರೀಯರ ಅಂಡಾಶಯಗಳನ್ನು ತೆಗೆದಾಗ ದೂರದಲ್ಲಿದ್ದ ಸ್ತನದ ಗಂಟು ಕುಗ್ಗಿದುದನ್ನು ಆತ ಕಂಡಿದ್ದನು. ಅಂಡಾಶಯಗಳು ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನೇ ಇದಕ್ಕೆ ಕಾರಣವೆಂದು ತಿಳಿಯಲು ಹಲವು ದಶಕಗಳೇ ಹಿಡಿದವು. ಸ್ತನದ ಜೀವಕೋಶಗಳಲ್ಲಿ ಈಸ್ಟ್ರೊಜೆನ್‌ಗೆಂದೇ ಮೀಸಲಾದ ಗ್ರಾಹಕವೆಂಬ ಪ್ರೋಟೀನು ಇರುತ್ತದೆ. ಗ್ರಾಹಕವನ್ನು ಬೀಗವೆಂದು ಭಾವಿಸಿದರೆ ಹಾರ್ಮೋನು ಅದರ ಕೀಲಿಕೈ. ಕೀಲಿಕೈ ತಿರುಗಿದೊಡನೆ ಕೋಶಕ್ಕೆ ‘ಬೆಳೆ, ವಿಭಾಗವಾಗು’ ಎಂಬ ಆಜ್ಞೆ ಹೊರಡುತ್ತದೆ. ಸ್ತನದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈ ಗ್ರಾಹಕವನ್ನು ಉಳಿಸಿಕೊಂಡಿರುವಂಥವು. ಈಸ್ಟ್ರೊಜೆನ್ ಅವುಗಳಿಗೆ ಗೊಬ್ಬರವಿದ್ದಂತೆ.

ಟ್ಯಾಮಾಕ್ಸಿಫೆನ್ ಆ ಬೀಗಕ್ಕೆ ತುರುಕಿದ ಹುಸಿ ಕೀಲಿಕೈ. ಅದು ಒಳಗೆ ಹೋಗಿ ಕೂರುತ್ತದೆ. ಆದರೆ ಸ್ತನದ ಕೋಶದಲ್ಲಿ ತಿರುಗುವುದಿಲ್ಲ. ನಿಜವಾದ ಕೀಲಿಕೈಗೆ ಆಗ ಪ್ರವೇಶವಿರದು. ಈ ವಸ್ತುವಿನ ಜನ್ಮವೃತ್ತಾಂತವೂ ಸ್ವಾರಸ್ಯಕರವಾಗಿದೆ. ೧೯೬೨ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಪ್ರಯೋಗಶಾಲೆಯೊಂದರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದಾಗ ಉದ್ದೇಶವಿದ್ದುದು ಗರ್ಭನಿರೋಧಕ್ಕೆ. ಇಲಿಗಳಲ್ಲಿ ಗರ್ಭವನ್ನು ತಡೆದ ಆ ವಸ್ತು ಸ್ತ್ರೀಯರಲ್ಲಿ ಅಂಡೋತ್ಪತ್ತಿಯನ್ನು ಪ್ರಚೋದಿಸುವುದೆಂದು ಕಂಡುಬಂದು, ಮೂಲ ಉದ್ದೇಶ ಕೈಗೂಡಲಿಲ್ಲ. ಕ್ಯಾನ್ಸರಿನ ವಿಷಯದಲ್ಲಿ ಆಸಕ್ತಿಯಿದ್ದ ಆರ್ಥರ್ ವಾಲ್ಪೋಲ್ ಮೊದಲಾದವರು ಅದನ್ನು ಮೂಲೆಗೆ ಬೀಳಗೊಡಲಿಲ್ಲ. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ೧೯೭೧ರಲ್ಲಿ ಪ್ರಕಟವಾಯಿತು. ೧೯೭೩ರಲ್ಲಿ ಬ್ರಿಟನ್ನಿನಲ್ಲಿಯೂ ೧೯೭೭ರಲ್ಲಿ ಅಮೆರಿಕದಲ್ಲಿಯೂ ಅದಕ್ಕೆ ಮನ್ನಣೆ ದೊರೆಯಿತು.

ಅದರ ಬೆಲೆ ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ಇಪ್ಪತ್ತು ಪ್ರಯೋಗಗಳಲ್ಲಿ ಪಾಲ್ಗೊಂಡ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಸ್ತ್ರೀಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ೨೦೧೧ರಲ್ಲಿ ಹೊರಬಂದಿತು. ಗ್ರಾಹಕವುಳ್ಳ ಕ್ಯಾನ್ಸರಿನವರು ಐದು ವರ್ಷಕಾಲ ಟ್ಯಾಮಾಕ್ಸಿಫೆನ್ ಸೇವಿಸಿದರೆ, ಆ ಅವಧಿಯಲ್ಲಿ ರೋಗ ಮರುಕಳಿಸುವ ಸಂಭವ ಸುಮಾರು ಅರ್ಧಕ್ಕಿಳಿಯುತ್ತದೆ. ಹದಿನೈದು ವರ್ಷಗಳ ವರೆಗೆ ನೋಡಿದರೂ ಸ್ತನದ ಕ್ಯಾನ್ಸರಿನಿಂದ ಆಗುವ ಮರಣಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ತಪ್ಪುತ್ತದೆ. ಇಂಥ ಔಷಧಿಯ ಬಲವನ್ನು ಕುಗ್ಗಿಸುವ ಯಾವುದನ್ನೇ ಆಗಲಿ ನಾವು ಹಗುರವಾಗಿ ಕಾಣುವಂತಿಲ್ಲ.

ಕಾವು ಮತ್ತು ಖಿನ್ನತೆ

ಈ ಉಪಕಾರಕ್ಕೆ ತೆರಬೇಕಾದ ಸುಂಕವೂ ಉಂಟು. ಮಿದುಳಿನ ಹೈಪೋತಲಾಮಸ್ ಎಂಬ ಭಾಗ ದೇಹದ ಉಷ್ಣತೆಯನ್ನು ಸಮಸ್ಥಿತಿಯಲ್ಲಿಡುತ್ತದೆ. ಈಸ್ಟ್ರೊಜೆನ್‌ನ ಪ್ರಭಾವ ತಗ್ಗಿದಾಗ ಅಲ್ಲಿಯ ಹತೋಟಿ ಕದಡಿ, ಕಾರಣವಿಲ್ಲದೆ ಚರ್ಮದ ರಕ್ತನಾಳಗಳು ಅರಳುತ್ತವೆ. ಮುಖ, ಕತ್ತು, ಎದೆ ಉರಿಯತೊಡಗಿ ಬೆವರು ಸುರಿಯುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಬಹುಮಂದಿ ಸ್ತ್ರೀಯರು ಅನುಭವಿಸುವ ಬಾಧೆಯೇ ಇದು. ಸಾಮಾನ್ಯರಿಗಾದರೆ ಈಸ್ಟ್ರೊಜೆನ್ ಗುಳಿಗೆಯನ್ನೇ ಕೊಟ್ಟು ಶಮನಗೊಳಿಸಬಹುದು. ನಮ್ಮ ಗೃಹಿಣಿಗೆ ಅದನ್ನು ಕೊಡುವುದು ಆರಿಸಿದ ಬೆಂಕಿಗೆ ಎಣ್ಣೆ ಹೊಯ್ದಂತೆ.

ಖಿನ್ನತೆಯ ಮೂಲ ಇಷ್ಟು ಸರಳವಲ್ಲ. ರೋಗದ ಭೀತಿ, ಶಸ್ತ್ರಚಿಕಿತ್ಸೆಯಿಂದ ಮಾರ್ಪಟ್ಟ ದೇಹ, ನಿದ್ರಾಹೀನತೆ, ಹಣದ ಚಿಂತೆ, ಎಲ್ಲವೂ ಸೇರಿರುತ್ತವೆ. ಕ್ಯಾನ್ಸರ್ ಬಂದಿರದ, ಆದರೆ ಬರುವ ಸಂಭವ ಹೆಚ್ಚಾಗಿದ್ದ ಸ್ತ್ರೀಯರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಟ್ಯಾಮಾಕ್ಸಿಫೆನ್ ಸೇವಿಸಿದವರಿಗೂ ಹುಸಿಗುಳಿಗೆ ಸೇವಿಸಿದವರಿಗೂ ಖಿನ್ನತೆಯಲ್ಲಿ ಅಂತರ ಕಂಡುಬರಲಿಲ್ಲ. ಆದುದರಿಂದ ಎಲ್ಲ ತಪ್ಪನ್ನೂ ಗುಳಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಕಾರಣವೇನೇ ಇರಲಿ, ಖಿನ್ನತೆ ನಿಜವಾದ ರೋಗ. ಅದು ಮನಸ್ಸಿನ ದೌರ್ಬಲ್ಯವಲ್ಲ, ಧೈರ್ಯ ಹೇಳಿದ ಮಾತ್ರಕ್ಕೆ ಹೋಗುವಂಥದೂ ಅಲ್ಲ.

ಖಿನ್ನತೆಗೆ ಕೊಡುವ ಇಂದಿನ ಔಷಧಿಗಳಲ್ಲಿ ಬಹುಪಾಲು ಮಿದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಿರೋಟೋನಿನ್ ಎಂಬ ವಸ್ತುವನ್ನು ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆಯುತ್ತವೆ. ೧೯೮೭ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಫ್ಲುವಾಕ್ಸಿಟೀನ್, ಅನಂತರ ಬಂದ ಪ್ಯಾರಾಕ್ಸಿಟೀನ್, ಸರ್ಟ್ರಾಲೀನ್, ಸಿಟಾಲೊಪ್ರಾಮ್ ಈ ಬಗೆಯವು. ವೆನ್ಲಾಫಾಕ್ಸೀನ್ ಎಂಬುದು ಸಿರೋಟೋನಿನ್ ಜೊತೆಗೆ ಮತ್ತೊಂದು ಸುದ್ದಿವಾಹಕದ ಮೇಲೂ ಪರಿಣಾಮ ಬೀರುತ್ತದೆ. ಇವು ಮೈಯ ಕಾವನ್ನೂ ತಗ್ಗಿಸುತ್ತವೆಂಬುದು ಅನಿರೀಕ್ಷಿತ ಲಾಭ. ಅಮೆರಿಕದ ಮೇಯೋ ಕ್ಲಿನಿಕ್‌ನ ಚಾರ್ಲ್ಸ್ ಲೊಪ್ರಿಂಜಿ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡೋಣ. ನಾಲ್ಕು ವಾರಗಳಲ್ಲಿ ಹುಸಿಗುಳಿಗೆಯಿಂದ ಕಾವಿನ ಬಾಧೆ ನೂರಕ್ಕೆ ೨೭ರಷ್ಟು ತಗ್ಗಿದರೆ, ದಿನಕ್ಕೆ ೭೫ ಮಿಲಿಗ್ರಾಂ ವೆನ್ಲಾಫಾಕ್ಸೀನ್‌ನಿಂದ ೬೧ರಷ್ಟು ತಗ್ಗಿತು. ಹೀಗೆ ಖಿನ್ನತೆಯಿಲ್ಲದ ಸ್ತ್ರೀಯರಿಗೂ ಖಿನ್ನತೆಯ ಔಷಧಿಯನ್ನು ಕೊಡುವ ವಾಡಿಕೆ ಬೆಳೆಯಿತು. ಪ್ಯಾರಾಕ್ಸಿಟೀನ್ ಕೂಡ ಇದಕ್ಕೆ ಬಳಕೆಗೆ ಬಂದಿತು. ತೊಡಕು ಹುಟ್ಟಿದ್ದು ಅಲ್ಲಿ.

ಯಕೃತ್ತೆಂಬ ಗಿರಣಿ

ನಾವು ನುಂಗುವ ಟ್ಯಾಮಾಕ್ಸಿಫೆನ್ ಭತ್ತವಿದ್ದಂತೆ, ಅಕ್ಕಿಯಲ್ಲ. ಅದನ್ನು ಯಕೃತ್ತಿನ ಗಿರಣಿಯಲ್ಲಿ ಹಾಯಿಸಿದಾಗ ಎಂಡಾಕ್ಸಿಫೆನ್ ಎಂಬ ರೂಪ ಹೊರಬರುತ್ತದೆ. ಗ್ರಾಹಕವನ್ನು ಹಿಡಿಯುವುದರಲ್ಲಿ ಇದು ಮೂಲವಸ್ತುವಿಗಿಂತ ಹಲವು ಪಟ್ಟು ಪ್ರಬಲ. ಈ ಮಾರ್ಪಾಡಿನ ಮುಖ್ಯ ಹಂತವನ್ನು ನಡೆಸುವ ಕಿಣ್ವಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸಿ.ವೈ.ಪಿ. ೨ಡಿ೬. ಹೆಸರು ಒರಟಾಗಿದ್ದರೂ ಅದು ಮಾಡುವ ಕೆಲಸ ದೊಡ್ಡದು. ಅನೇಕ ಔಷಧಿಗಳು ಅದರ ಮೂಲಕವೇ ಹಾದುಹೋಗಬೇಕು.

ಈ ಕಿಣ್ವದ ಸುಳಿವು ದೊರೆತದ್ದು ಒಂದು ಆಕಸ್ಮಿಕದಿಂದ. ೧೯೭೫ರಲ್ಲಿ ಲಂಡನ್ನಿನ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಆತನ ಸಂಗಡಿಗರು ರಕ್ತದೊತ್ತಡ ಇಳಿಸುವ ಡೆಬ್ರಿಸೊಕ್ವಿನ್ ಎಂಬ ಔಷಧಿಯನ್ನು ಪರೀಕ್ಷೆಗಾಗಿ ತಾವೇ ಸೇವಿಸಿದರು. ಉಳಿದವರಿಗೆ ಹೆಚ್ಚೇನೂ ಆಗಲಿಲ್ಲ. ಸ್ಮಿತ್‌ನ ರಕ್ತದೊತ್ತಡ ಮಾತ್ರ ಕುಸಿದು, ನಿಲ್ಲಲಾರದಂತಾಯಿತು. ಮೂತ್ರವನ್ನು ಪರೀಕ್ಷಿಸಿದಾಗ ಆತನ ದೇಹ ಔಷಧಿಯನ್ನು ಮಾರ್ಪಡಿಸದೆ ಹಾಗೆಯೇ ಹೊರಹಾಕಿದ್ದು ತಿಳಿಯಿತು. ಆತನ ಗಿರಣಿ ಹುಟ್ಟಿನಿಂದಲೇ ನಿಂತುಹೋಗಿತ್ತು! ಯೂರೋಪಿನ ಮೂಲದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಹೀಗಿರುತ್ತಾರೆಂದೂ ಇದು ಆನುವಂಶಿಕವೆಂದೂ ಮುಂದೆ ಸ್ಪಷ್ಟವಾಯಿತು.

ಹುಟ್ಟಿನಿಂದ ಸರಿಯಾಗಿರುವ ಗಿರಣಿಯನ್ನೂ ಔಷಧಿಗಳು ತಡೆಯಬಲ್ಲವು. ಪ್ಯಾರಾಕ್ಸಿಟೀನ್ ಹಾಗೆ ಮಾಡುವುದರಲ್ಲಿ ಮುಂದು. ಅದು ಗಿರಣಿಯ ಸರದಿಯಲ್ಲಿ ಮುಂದೆ ನುಗ್ಗುವುದಷ್ಟೇ ಅಲ್ಲ, ಯಂತ್ರದೊಳಗೆ ಸಿಕ್ಕಿಕೊಂಡು ಯಂತ್ರವನ್ನೇ ಕೆಡಿಸುತ್ತದೆ. ಯಕೃತ್ತು ಹೊಸ ಕಿಣ್ವವನ್ನು ತಯಾರಿಸಿದ ಮೇಲೆಯೇ ಕೆಲಸ ಮತ್ತೆ ಸಾಗಬೇಕು. ಫ್ಲುವಾಕ್ಸಿಟೀನ್ ಸಹ ಪ್ರಬಲವಾದ ತಡೆಯೇ. ಮೇಲಾಗಿ ಅದರ ಉಳಿಕೆ ದೇಹದಲ್ಲಿ ವಾರಗಟ್ಟಲೆ ನಿಲ್ಲುತ್ತದೆ.

ಅಮೆರಿಕದ ವೆರಡ್ ಸ್ಟರ್ನ್ಸ್, ಡೇವಿಡ್ ಫ್ಲಾಕ್‌ಹಾರ್ಟ್ ಮತ್ತಿತರರು ಈ ಸಂಗತಿಯನ್ನು ಪರೀಕ್ಷೆಗೊಡ್ಡಿದರು. ಟ್ಯಾಮಾಕ್ಸಿಫೆನ್ ಸೇವಿಸುತ್ತಿದ್ದ ಹನ್ನೆರಡು ಮಂದಿ ಸ್ತ್ರೀಯರಿಗೆ ನಾಲ್ಕು ವಾರ ಪ್ಯಾರಾಕ್ಸಿಟೀನ್ ಕೊಟ್ಟು, ಮೊದಲೂ ಅನಂತರವೂ ರಕ್ತವನ್ನು ಅಳೆದರು. ಎಂಡಾಕ್ಸಿಫೆನ್ ಪ್ರಮಾಣ ಮಿಲಿಲೀಟರಿಗೆ ಸರಾಸರಿ ೧೨.೪ ನ್ಯಾನೋಗ್ರಾಂನಿಂದ ೫.೫ಕ್ಕೆ ಇಳಿದಿತ್ತು. ೨೦೦೩ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ಖಿನ್ನತೆಯ ಔಷಧಿ ಕ್ಯಾನ್ಸರಿನ ಔಷಧಿಯ ಕೈಯನ್ನು ಕಟ್ಟಿಹಾಕುತ್ತಿರಬಹುದೆ?

ಅಂಕಿಗಳ ಭಿನ್ನಾಭಿಪ್ರಾಯ

ಇಲ್ಲಿ ನಾವು ಒಂದು ಎಚ್ಚರಿಕೆ ವಹಿಸಬೇಕು. ರಕ್ತದಲ್ಲಿ ಒಂದು ವಸ್ತು ಕಡಿಮೆಯಾಯಿತೆಂಬುದು ಒಂದು ಸಂಗತಿ. ಅದರಿಂದ ರೋಗಿಗೆ ಕೇಡಾಯಿತೆಂಬುದು ಬೇರೊಂದು ಸಂಗತಿ. ಎರಡನೆಯದನ್ನು ತಿಳಿಯಲು ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಬೇಕು.

ಕೆನಡಾದ ಆಂಟೇರಿಯೋ ಪ್ರಾಂತ್ಯದಲ್ಲಿ ಇಂಥ ಅಧ್ಯಯನ ನಡೆದು ೨೦೧೦ರಲ್ಲಿ ಪ್ರಕಟವಾಯಿತು. ಟ್ಯಾಮಾಕ್ಸಿಫೆನ್ ಜೊತೆಗೆ ಈ ಬಗೆಯ ಒಂದು ಔಷಧಿಯನ್ನು ಸೇವಿಸಿದ್ದ ೨,೪೩೦ ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿದರು. ಟ್ಯಾಮಾಕ್ಸಿಫೆನ್ ಅವಧಿಯ ಕಾಲುಭಾಗದಷ್ಟು ಕಾಲ ಪ್ಯಾರಾಕ್ಸಿಟೀನ್ ಸೇವಿಸಿದ್ದವರಲ್ಲಿ ಸ್ತನದ ಕ್ಯಾನ್ಸರಿನಿಂದ ಮರಣದ ಸಂಭವ ನೂರಕ್ಕೆ ೨೪ರಷ್ಟು ಹೆಚ್ಚಿತ್ತು. ಅರ್ಧ ಅವಧಿಗೆ ೫೪ರಷ್ಟು. ಮುಕ್ಕಾಲು ಅವಧಿಗೆ ೯೧ರಷ್ಟು. ಉಳಿದ ಔಷಧಿಗಳಲ್ಲಿ ಇಂಥ ಏರಿಕೆ ಕಾಣಲಿಲ್ಲ. ಸೇವಿಸಿದ ಕಾಲ ಹೆಚ್ಚಿದಂತೆ ಕೇಡೂ ಹೆಚ್ಚುವುದು ಕಾರ್ಯಕಾರಣ ಸಂಬಂಧದ ಒಂದು ಲಕ್ಷಣ. ಆದುದರಿಂದ ಸಂದೇಹ ಬಲವಾಯಿತು.

ಆದರೆ ೨೦೧೬ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದ ಅಧ್ಯಯನ ಬೇರೆಯೇ ಮಾತು ಹೇಳಿತು. ಅಲ್ಲಿ ಟ್ಯಾಮಾಕ್ಸಿಫೆನ್ ಪಡೆದಿದ್ದ ೧೬,೮೮೭ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಖಿನ್ನತೆಯ ಔಷಧಿಗಳನ್ನೂ ಸೇವಿಸಿದ್ದರು. ಹದಿನಾಲ್ಕು ವರ್ಷಗಳ ಅವಧಿಯನ್ನು ಪರಿಶೀಲಿಸಿದಾಗ ಪ್ಯಾರಾಕ್ಸಿಟೀನ್ ಸೇವಿಸಿದವರಲ್ಲಿಯೂ ಕ್ಯಾನ್ಸರ್ ಮತ್ತೆ ಬರುವುದು ಖಚಿತವಾಗಿ ಹೆಚ್ಚಿದಂತೆ ತೋರಲಿಲ್ಲ. ಅದೇ ವರ್ಷ ಹಲವು ದಾಖಲೆ ಸಂಗ್ರಹಗಳನ್ನು ಸೇರಿಸಿ ನಡೆಸಿದ ಇನ್ನೊಂದು ಅಧ್ಯಯನವೂ ಮರಣ ಹೆಚ್ಚಿದ್ದನ್ನು ಕಾಣಲಿಲ್ಲ.

ಎರಡು ಪ್ರಾಮಾಣಿಕ ಅಧ್ಯಯನಗಳು ಹೀಗೇಕೆ ಭಿನ್ನವಾಗುತ್ತವೆ? ಇವು ಯಾವುವೂ ಚೀಟಿಯೆತ್ತಿ ಔಷಧಿ ಹಂಚಿ ನಡೆಸಿದ ಪ್ರಯೋಗಗಳಲ್ಲ; ವೈದ್ಯರು ತಮ್ಮ ಇಷ್ಟದಂತೆ ಕೊಟ್ಟ ಔಷಧಿಗಳ ದಾಖಲೆಗಳು. ಒಂದು ಔಷಧಿಯನ್ನು ಪಡೆದವರು ಮೊದಲೇ ಹೆಚ್ಚು ಅಸ್ವಸ್ಥರಾಗಿದ್ದಿರಬಹುದು. ಟ್ಯಾಮಾಕ್ಸಿಫೆನ್ ಗುಳಿಗೆಯನ್ನು ಅಂಗಡಿಯಿಂದ ಕೊಂಡವರು ನಿಜವಾಗಿ ನುಂಗಿದರೆಂಬ ಭರವಸೆಯೂ ಇಲ್ಲ. ಎಂಡಾಕ್ಸಿಫೆನ್ ಕಡಿಮೆಯಾದರೂ, ಮಾರ್ಪಡದೆ ಉಳಿದ ಟ್ಯಾಮಾಕ್ಸಿಫೆನ್ ಮತ್ತು ಅದರ ಇತರ ರೂಪಗಳೇ ಗ್ರಾಹಕಗಳನ್ನೆಲ್ಲ ತುಂಬಲು ಸಾಕಾಗುತ್ತವೆ ಎಂಬ ವಾದವೂ ಉಂಟು. ಭತ್ತವೂ ಸ್ವಲ್ಪಮಟ್ಟಿಗೆ ಹೊಟ್ಟೆ ತುಂಬಿಸೀತು ಎಂದ ಹಾಗೆ! ಒಟ್ಟಿನಲ್ಲಿ, ಯಂತ್ರ ನಿಲ್ಲುವುದು ನಿಶ್ಚಯ. ಅದರಿಂದ ಜೀವಕ್ಕೆ ಅಪಾಯವಿದೆಯೆ ಎಂಬುದು ಇನ್ನೂ ಚರ್ಚೆಯಲ್ಲಿದೆ.

ನಿರ್ಧಾರದ ತಕ್ಕಡಿ

ನಿಶ್ಚಯವಿಲ್ಲದಿದ್ದರೆ ನಿರ್ಧಾರವೂ ಅಸಾಧ್ಯವೆಂದು ಭಾವಿಸಬೇಕಾಗಿಲ್ಲ. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಏನಿದೆಯೆಂದು ನೋಡಬೇಕು. ಪ್ಯಾರಾಕ್ಸಿಟೀನ್‌ನ ಅಪಾಯ ಸಂದೇಹಾಸ್ಪದವಾದುದು, ನಿಜ. ಆದರೆ ಅದೇ ಕೆಲಸವನ್ನು ಮಾಡುವ, ಗಿರಣಿಯನ್ನು ಅಷ್ಟಾಗಿ ತಡೆಯದ ಬೇರೆ ಔಷಧಿಗಳು ಇರುವಾಗ, ಸಂದೇಹದ ದಾರಿಯನ್ನು ತುಳಿಯುವುದೇಕೆ? ವೆನ್ಲಾಫಾಕ್ಸೀನ್, ಸಿಟಾಲೊಪ್ರಾಮ್, ಎಸ್ಸಿಟಾಲೊಪ್ರಾಮ್ ಈ ಕಿಣ್ವವನ್ನು ಅಲ್ಪವಾಗಿ ಮಾತ್ರ ತಡೆಯುತ್ತವೆ. ಸರ್ಟ್ರಾಲೀನ್ ಮತ್ತು ಡುಲಾಕ್ಸಿಟೀನ್ ನಡುವಿನವು. ಪ್ಯಾರಾಕ್ಸಿಟೀನ್, ಫ್ಲುವಾಕ್ಸಿಟೀನ್, ಬ್ಯುಪ್ರೊಪಿಯಾನ್ ಪ್ರಬಲವಾಗಿ ತಡೆಯುವಂಥವು. ಅಲ್ಪ ತಡೆಯ ಔಷಧಿಗಳೂ ನಿರ್ದೋಷಿಗಳಲ್ಲ. ವೆನ್ಲಾಫಾಕ್ಸೀನ್ ಕೆಲವರಲ್ಲಿ ರಕ್ತದೊತ್ತಡವನ್ನು ಏರಿಸುತ್ತದೆ. ಸಿಟಾಲೊಪ್ರಾಮ್ ಪ್ರಮಾಣ ಹೆಚ್ಚಾದರೆ ಹೃದಯದ ಲಯವನ್ನು ಕದಡಬಲ್ಲುದು. ಆಯ್ಕೆ ವೈದ್ಯರಿಂದಲೇ ಆಗಬೇಕೆಂಬುದಕ್ಕೆ ಇದೂ ಒಂದು ಕಾರಣ.

ಮೊದಲು ಕೇಳಬೇಕಾದ ಪ್ರಶ್ನೆ, ಸೇವಿಸುತ್ತಿರುವ ಹಾರ್ಮೋನು ಚಿಕಿತ್ಸೆ ಯಾವುದೆಂಬುದು. ಮುಟ್ಟು ನಿಂತ ಸ್ತ್ರೀಯರಿಗೆ ಹೆಚ್ಚಾಗಿ ಕೊಡುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸಿಮೆಸ್ಟೇನ್ ಎಂಬ ಔಷಧಿಗಳು ಗ್ರಾಹಕದ ತಂಟೆಗೆ ಹೋಗದೆ ಈಸ್ಟ್ರೊಜೆನ್‌ನ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಅವು ಫಲಿಸಲು ಈ ಗಿರಣಿ ಬೇಕಿಲ್ಲ. ಆದುದರಿಂದ ಅವರ ವಿಷಯದಲ್ಲಿ ಈ ತೊಡಕೇ ಏಳುವುದಿಲ್ಲ.

ಎರಡನೆಯ ಪ್ರಶ್ನೆ, ಬಾಧೆ ಎಷ್ಟು ತೀವ್ರವೆಂಬುದು. ಖಿನ್ನತೆ ಸೌಮ್ಯವಾಗಿದ್ದರೆ ನುರಿತವರೊಡನೆ ನಡೆಸುವ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಕಾವಿನ ಬಾಧೆಗೂ ಅದು ನೆರವಾಗುತ್ತದೆ. ಲಂಡನ್ನಿನಲ್ಲಿ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ೯೬ ಸ್ತ್ರೀಯರೊಡನೆ ನಡೆದು ೨೦೧೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಲೋಚನೆಯ ರೂಢಿಯನ್ನು ತಿದ್ದುವ ಗುಂಪು ಚಿಕಿತ್ಸೆಯಿಂದ ಕಾವನ್ನು ಸಹಿಸುವ ಕಷ್ಟ ಗಣನೀಯವಾಗಿ ತಗ್ಗಿತು. ಆದರೆ ಖಿನ್ನತೆ ತೀವ್ರವಾಗಿದ್ದರೆ ಔಷಧಿಯನ್ನು ನಿರಾಕರಿಸುವುದು ಅಪಾಯಕರ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ತಡಮಾಡಬಾರದು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (೧೪೪೧೬) ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರವಾಗಿದೆ. ಅದಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೂರನೆಯದು, ಈಗಾಗಲೇ ಪ್ಯಾರಾಕ್ಸಿಟೀನ್‌ನಿಂದ ಚೇತರಿಸಿಕೊಂಡಿರುವವರ ಪ್ರಶ್ನೆ. ಈ ಲೇಖನವನ್ನು ಓದಿದವರು ಹೆದರಿ ಗುಳಿಗೆಯನ್ನು ಎಸೆದುಬಿಡಬಾರದು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ರಾಭಂಗ ಕಾಣಿಸಿಕೊಳ್ಳುತ್ತವೆ, ಖಿನ್ನತೆಯೂ ಮರಳಬಹುದು. ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿ ಇನ್ನೊಂದು ಔಷಧಿಗೆ ದಾಟಿಸುತ್ತಾರೆ. ಬೇರೆ ಯಾವುದೂ ಹಿಡಿಸದವರಿಗೆ, ಮುಟ್ಟು ನಿಂತಿದ್ದರೆ, ಹಾರ್ಮೋನು ಚಿಕಿತ್ಸೆಯನ್ನೇ ಬದಲಿಸುವ ದಾರಿಯೂ ಇದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಡೆ ಅಡಗಿದೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹಾರ್ಮೋನು ಚಿಕಿತ್ಸೆ ಆರಂಭಿಸಿದ ೮,೭೬೯ ಸ್ತ್ರೀಯರನ್ನು ಪರಿಶೀಲಿಸಿದಾಗ, ಪೂರ್ಣಾವಧಿ ಸರಿಯಾದ ಕ್ರಮದಲ್ಲಿ ಅದನ್ನು ಸೇವಿಸಿದವರು ನೂರಕ್ಕೆ ೪೯ ಮಂದಿ ಮಾತ್ರ! ನಡುವೆ ನಿಲ್ಲಿಸಿದವರಲ್ಲಿ ಮರಣವೂ ಹೆಚ್ಚಾಗಿತ್ತು. ಕಾವನ್ನು ತಾಳಲಾರದೆ, ಮನಸ್ಸು ಕುಂದಿ, ಯಾರಿಗೂ ಹೇಳದೆ ಗುಳಿಗೆಯನ್ನು ಬಿಡುವವರುಂಟು. ಗಿರಣಿಗೆ ಭತ್ತವೇ ಬಾರದಿದ್ದರೆ ಯಂತ್ರ ಚೆನ್ನಾಗಿದ್ದೇನು ಫಲ? ಟ್ಯಾಮಾಕ್ಸಿಫೆನ್ ಅನ್ನು ದಿನವೂ ಸೇವಿಸುವಂತೆ ಮಾಡುವ ಖಿನ್ನತೆಯ ಔಷಧಿ, ತಕ್ಕುದನ್ನು ಆರಿಸಿದ್ದೇ ಆದರೆ, ಕ್ಯಾನ್ಸರಿನ ಚಿಕಿತ್ಸೆಗೆ ವೈರಿಯಲ್ಲ, ನೆರವು.

ಈಗ ನಮ್ಮ ಗೃಹಿಣಿಯ ಬಳಿಗೆ ಮರಳೋಣ. ಮನಸ್ಸಿನ ಔಷಧಿಯೋ ಕ್ಯಾನ್ಸರಿನ ಔಷಧಿಯೋ ಎಂದು ಆಕೆ ಒಂದನ್ನು ಬಿಟ್ಟು ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ. ಕೇಳಬೇಕಾದುದು, ಇದರೊಡನೆ ಹೊಂದುವುದು ಯಾವುದು ಎಂದಷ್ಟೆ. ಅದಕ್ಕೆ ಬೇಕಾದ ಮೊದಲ ಉಪಕರಣ ಒಂದು ಹಾಳೆ. ತಾನು ಸೇವಿಸುವ ಔಷಧಿಗಳೆಲ್ಲದರ ಹೆಸರನ್ನು ಅದರಲ್ಲಿ ಬರೆದು, ಕ್ಯಾನ್ಸರ್ ವೈದ್ಯರಿಗೂ ಮನೋವೈದ್ಯರಿಗೂ ತೋರಿಸಬೇಕು. ಎಷ್ಟೋ ಸಲ ಒಬ್ಬರು ಬರೆದುದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಆ ಹಾಳೆಯನ್ನು ಬರೆದುಕೊಟ್ಟು, ತಾಯಿಯ ಜೊತೆಗೆ ಆಸ್ಪತ್ರೆಗೆ ಹೋಗಿಬಂದರೆ, ತಾವು ಕಲಿತ ವಿಜ್ಞಾನ ಸಾರ್ಥಕವಾಯಿತೆಂದು ತಿಳಿಯಬಹುದು.